ತೋಟಕ್ಕೆ ಬೇಲಿ ಇದೆ, ಪಲ್ಪರಿಗೆ ಇದೆಯೇ?



ಬೇಲಿ ಎಂದರೇನೆಂದು ತೋಟಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದನ ನುಗ್ಗದಂತೆ ಬೇಲಿ, ದಾರಿ ಸೇರುವಲ್ಲಿ ದಣಪೆ, ಬಾವಿಗೆ ಕಟ್ಟೆ, ಆನೆ ಓಡಾಡುವ ಕಡೆ ಕಂದಕ. ಇವೆಲ್ಲದರ ತತ್ವವೂ ಒಂದೇ. ಹಾನಿ ಮಾಡುವುದಕ್ಕೂ ಹಾನಿಗೆ ಈಡಾಗುವುದಕ್ಕೂ ನಡುವೆ ಗಟ್ಟಿಯಾದ ಒಂದು ವಸ್ತುವನ್ನು ನಿಲ್ಲಿಸುವುದು. ದನಕ್ಕೆ ಬುದ್ಧಿ ಹೇಳಿ ಅಡಿಕೆ ಸಸಿ ಉಳಿಸಿಕೊಳ್ಳುತ್ತೇವೆಂದು ನಾವು ಯಾರೂ ಹೊರಡುವುದಿಲ್ಲ.

ಆದರೆ ಯಂತ್ರದ ವಿಷಯಕ್ಕೆ ಬಂದಾಗ ನಾವು ಮಾಡುವುದು ಅದನ್ನೇ. "ಹುಷಾರು, ಕೈ ಹಾಕಬೇಡಿ" ಎಂದು ಒಂದು ಮಾತು ಹೇಳಿ, ಬೆಲ್ಟನ್ನು ಬತ್ತಲೆ ಬಿಟ್ಟು, ಎಂಜಿನ್ ಚಾಲೂ ಮಾಡಿಸುತ್ತೇವೆ. ಕೊಯ್ಲಿನ ಕಾಲ ಬಂತೆಂದರೆ ನಮ್ಮ ಪಲ್ಪಿಂಗ್ ಹೌಸು, ಅಡಿಕೆ ಸುಲಿಯುವ ಕೊಟ್ಟಿಗೆ, ಬೇಯಿಸುವ ಒಲೆಯ ಮನೆ ಇವೆಲ್ಲ ಸಣ್ಣ ಕಾರ್ಖಾನೆಗಳೇ ಆಗುತ್ತವೆ. ಕಾರ್ಖಾನೆಗಳು ಇನ್ನೂರು ವರ್ಷಗಳಲ್ಲಿ ಬಹಳ ಬೆಲೆ ತೆತ್ತು ಕಲಿತ ಪಾಠವನ್ನು ನಾವು ಬೆಲೆ ತೆರದೆಯೇ ಕಲಿಯಬಹುದು. ಈ ಲೇಖನದ ಉದ್ದೇಶ ಅಷ್ಟೇ.

ಹಳೆಯ ಜಗಳ, ಹಳೆಯ ಉತ್ತರ

ಯಂತ್ರಕ್ಕೆ ಬೇಲಿ ಹಾಕಬೇಕೆಂಬ ಕಾನೂನು ಮೊದಲು ಬಂದದ್ದು ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ, 1844ರಲ್ಲಿ. ಆಗ ಗಿರಣಿಯ ಸೂರಿನಡಿಯಲ್ಲಿ ಉದ್ದಕ್ಕೂ ಕಬ್ಬಿಣದ ಶಾಫ್ಟುಗಳು ತಿರುಗುತ್ತಿದ್ದವು. ಅವುಗಳಿಂದ ಬೆಲ್ಟುಗಳು ಕೆಳಗಿನ ಮಗ್ಗಗಳಿಗೆ ಇಳಿಯುತ್ತಿದ್ದವು. ಆ ಶಾಫ್ಟುಗಳಿಗೂ ಕವಚ ಹಾಕಿ ಎಂದು ಲಿಯೊನಾರ್ಡ್ ಹಾರ್ನರ್ ಮೊದಲಾದ ತನಿಖಾಧಿಕಾರಿಗಳು ಒತ್ತಾಯಿಸಿದಾಗ, ಏಳು ಅಡಿಗಿಂತ ಮೇಲಿರುವುದು ಯಾರ ಕೈಗೂ ಎಟುಕದು, ಅದಕ್ಕೇಕೆ ಖರ್ಚು ಎಂದು ಮಾಲೀಕರು ವಾದಿಸಿದರು. 1855ರಲ್ಲಿ ಇದಕ್ಕೆಂದೇ ಸಂಘ ಕಟ್ಟಿದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ವಾರಪತ್ರಿಕೆ ಆ ಸಂಘವನ್ನು ಕಟುವಾಗಿ ಟೀಕಿಸಿತು. ಹೀಗಿದ್ದರೂ 1856ರಲ್ಲಿ ಪಾರ್ಲಿಮೆಂಟು ಮಾಲೀಕರ ಪರವಾಗಿ ಕಾನೂನನ್ನು ಸಡಿಲಿಸಿತು.

ಮಾಲೀಕರ ವಾದದಲ್ಲಿ ತಪ್ಪೆಲ್ಲಿತ್ತು? ಯಂತ್ರ ಸುಮ್ಮನೆ ಓಡುವಾಗ ಏಳಡಿ ಮೇಲಿನ ಶಾಫ್ಟು ಯಾರ ಕೈಗೂ ಎಟುಕುವುದಿಲ್ಲವೆಂಬುದು ನಿಜ. ಆದರೆ ಜಾರಿದ ಬೆಲ್ಟನ್ನು ಏರಿಸಲು, ಎಣ್ಣೆ ಬಿಡಲು, ಒರೆಸಲು ಏಣಿ ಹಾಕಿ ಹತ್ತಿದವನಿಗೆ ಅದು ಎಟುಕುತ್ತದೆ. ಅಪಾಯವನ್ನು ಅಳೆಯಬೇಕಾದ್ದು ಎಲ್ಲವೂ ಸರಿಯಾಗಿರುವ ಹೊತ್ತಿನಲ್ಲಲ್ಲ, ಏನೋ ಕೆಟ್ಟು ನಿಂತ ಹೊತ್ತಿನಲ್ಲಿ. ನಮ್ಮ ಪಲ್ಪರಿನ ಮಟ್ಟಿಗೂ ಇದೇ ಮಾತು.

ನಮ್ಮ ದೇಶದ ಮೊದಲ ಕಾರ್ಖಾನೆ ಕಾಯಿದೆ 1881ರದು. ಅದರಲ್ಲಿಯೂ ಯಂತ್ರಕ್ಕೆ ಬೇಲಿಯ ಮಾತಿತ್ತು. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆ ಕಾಯಿದೆ 21ನೇ ಕಲಮಿನಲ್ಲಿ, ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಕಾಪು ಇರಬೇಕು, ಯಂತ್ರ ಚಲಿಸುತ್ತಿರುವಷ್ಟು ಹೊತ್ತೂ ಅದು ಸ್ವಸ್ಥಾನದಲ್ಲಿಯೇ ಇರಬೇಕು ಎಂದು ವಿಧಿಸಿತು. 33ನೇ ಕಲಮು ಅಪಾಯವುಂಟುಮಾಡಬಹುದಾದ ತೊಟ್ಟಿ, ಗುಂಡಿ, ನೆಲದ ತೆರಪುಗಳನ್ನು ಮುಚ್ಚಬೇಕು ಇಲ್ಲವೇ ಸುತ್ತುಗಟ್ಟಬೇಕು ಎಂದಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಈ ಕಾಯಿದೆಯೂ ಸೇರಿದಂತೆ ಹದಿಮೂರು ಕಾಯಿದೆಗಳನ್ನು ಒಂದೆಡೆ ತಂದಿದೆ. ನಾಲ್ಕಾರು ಜನ ದುಡಿಯುವ ನಮ್ಮ ಕೊಟ್ಟಿಗೆ ಕಾನೂನಿನ ಲೆಕ್ಕದಲ್ಲಿ ಕಾರ್ಖಾನೆ ಎನಿಸಿಕೊಳ್ಳದೆ ಇರಬಹುದು. ಆದರೆ ಕೈ ಸಿಕ್ಕಿದಾಗ ಬೆಲ್ಟು ಕೆಲಸದವರ ಸಂಖ್ಯೆಯನ್ನು ಕೇಳುವುದಿಲ್ಲ.

"ಹುಷಾರು" ಎಂಬ ಮಾತು ಏಕೆ ಸಾಲದು?

ಒಂದು ಸಣ್ಣ ಲೆಕ್ಕ ಮಾಡೋಣ. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 24 ಸುತ್ತು. ಅದಕ್ಕೆ 15 ಸೆಂಟಿಮೀಟರ್ ಅಡ್ಡಳತೆಯ ಪುಲ್ಲಿ ಇದ್ದರೆ ಒಂದು ಸುತ್ತಿಗೆ ಬೆಲ್ಟು 47 ಸೆಂಟಿಮೀಟರ್ ಓಡುತ್ತದೆ. ಸೆಕೆಂಡಿಗೆ 11 ಮೀಟರಿಗೂ ಹೆಚ್ಚಾಯಿತು. ಸೆರಗು ಸಿಕ್ಕಿತೆಂದು ತಿಳಿದು, ಬೆಚ್ಚಿ, ಹಿಂದಕ್ಕೆ ಎಳೆದುಕೊಳ್ಳಲು ಚುರುಕಾದವರಿಗೂ ಅರ್ಧ ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಬೆಲ್ಟು ಐದೂವರೆ ಮೀಟರ್ ಓಡಿರುತ್ತದೆ. ಅದು ಒಂದು ಸೀರೆಯ ಪೂರ್ತಿ ಉದ್ದ.

ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಒ. ಶಾಫ್ಟು ನಿಧಾನವೆಂದು ಕಾಣುತ್ತದೆ. ನಿಮಿಷಕ್ಕೆ 540 ಸುತ್ತೆಂದರೆ ಸೆಕೆಂಡಿಗೆ ಒಂಬತ್ತು. ಐದು ಸೆಂಟಿಮೀಟರ್ ದಪ್ಪದ ಶಾಫ್ಟಾದರೂ ಸೆಕೆಂಡಿಗೆ ಸುಮಾರು ಒಂದೂಕಾಲು ಮೀಟರಿಗೂ ಮೀರಿ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ನುಣುಪಾದ ಶಾಫ್ಟು ಏನೂ ಮಾಡದು ಎಂಬುದು ತಪ್ಪು ತಿಳಿವಳಿಕೆ. ಒದ್ದೆ ಬಟ್ಟೆ, ಬಿಚ್ಚಿದ ಕೂದಲು, ಗೋಣಿಯ ದಾರ ಇವು ನುಣುಪು ಕಬ್ಬಿಣಕ್ಕೂ ಅಂಟುತ್ತವೆ. ಒಂದು ಸುತ್ತು ಬಿದ್ದ ಮೇಲೆ ಬಿಡಿಸಿಕೊಳ್ಳಲು ಮನುಷ್ಯನ ಬಲ ಸಾಲದು.

ಇನ್ನು ನಮ್ಮ ಕೆಲಸದ ವೇಳೆಯನ್ನು ನೋಡೋಣ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ಕಾಫಿಯ ಗುಣ ಕೆಡುತ್ತದೆ. ಆದುದರಿಂದ ಯಂತ್ರ ಓಡುವುದು ಸಂಜೆಗೆ, ಎಷ್ಟೋ ಬಾರಿ ರಾತ್ರಿಗೆ. ಹಗಲೆಲ್ಲ ಹಣ್ಣು ಕೊಯ್ದು ದಣಿದವರು, ಮಂದ ದೀಪ, ನೀರು ಬಿದ್ದು ಜಾರುವ ನೆಲ, ಸೀರೆಯ ಮೇಲೆ ತೊಟ್ಟ ಗಂಡಸರ ಅಂಗಿಯ ಸಡಿಲ ತೋಳು, ಜೊತೆಗೆ ನಾಲ್ಕು ಮಾತು. ಇಷ್ಟೆಲ್ಲದರ ನಡುವೆ ಮೂರು ತಾಸು ಒಂದೇ ಸಮನೆ ಎಚ್ಚರವಾಗಿರಬೇಕೆನ್ನುವುದು ಮನುಷ್ಯರಿಂದ ಆಗದ್ದನ್ನು ಕೇಳಿದಂತೆ. ಜಾಲರಿ ದಣಿಯುವುದಿಲ್ಲ, ಅದರ ಗಮನ ಬೇರೆ ಕಡೆ ಹೋಗುವುದೂ ಇಲ್ಲ.

ಗೆರೆ, ಬೋರ್ಡು, ತಡೆ

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ನೆಲದ ಮೇಲೆ ಎಳೆದ ಹಳದಿ ಗೆರೆ, ಗೋಡೆಗೆ ತಗುಲಿಸಿದ "ಅಪಾಯ" ಬೋರ್ಡು, ಕಟ್ಟಿದ ಹಗ್ಗ ಇವು ಸೂಚನೆಗಳು. ಓದಿದವರಿಗೆ, ನೋಡಿದವರಿಗೆ, ನೆನಪಿಟ್ಟವರಿಗೆ ಮಾತ್ರ ಇವು ಕೆಲಸ ಮಾಡುತ್ತವೆ. ತಡೆ ಎಂದರೆ ಹಾಗಲ್ಲ. ಕಾಲು ಜಾರಿದವನನ್ನೂ, ಓದು ಬಾರದವನನ್ನೂ, ಚೆಂಡಿನ ಹಿಂದೆ ಓಡಿ ಬಂದ ಮಗುವನ್ನೂ ಅದು ಒಂದೇ ರೀತಿ ನಿಲ್ಲಿಸಬೇಕು. ಕಾರ್ಖಾನೆಗಳ ಅನುಭವದಿಂದ ಬಂದ ಕ್ರಮ ಹೀಗಿದೆ: ಮೊದಲು ಅಪಾಯವನ್ನೇ ಇಲ್ಲವಾಗಿಸಲು ಸಾಧ್ಯವೇ ನೋಡು, ಆಗದಿದ್ದರೆ ತಡೆ ಹಾಕು, ಅದರ ಮೇಲೆ ಸೂಚನೆ ಬರೆ. ಬೋರ್ಡು ಬರೆಸಿ ಕೈತೊಳೆದುಕೊಳ್ಳುವುದು ಈ ಕ್ರಮವನ್ನು ತಲೆಕೆಳಗು ಮಾಡಿದಂತೆ.

ಬೆಲ್ಟು ಮತ್ತು ಪುಲ್ಲಿ

ಬೆಲ್ಟಿನಲ್ಲಿ ಅತ್ಯಂತ ಅಪಾಯದ ಜಾಗ ಅದು ಪುಲ್ಲಿಯೊಳಕ್ಕೆ ಸೇರುವ ಸಂದು. ಬೆರಳನ್ನು ಒಳಕ್ಕೆಳೆಯುವುದು ಅದೇ. ಕಾಪು ಮೊದಲು ಅದನ್ನು ಮುಚ್ಚಬೇಕು, ಬಳಿಕ ಎರಡೂ ಪುಲ್ಲಿಗಳನ್ನು, ಇಡೀ ಬೆಲ್ಟನ್ನು, ಹಿಂಬದಿಯನ್ನೂ ಸೇರಿಸಿ ಮುಚ್ಚಬೇಕು. ಮುಂದೆ ಮಾತ್ರ ತಗಡು ಹಾಕಿ ಗೋಡೆಯ ಕಡೆ ಬಿಡುವುದು ವಾಡಿಕೆ. ಆದರೆ ಬಿದ್ದ ಸ್ಪ್ಯಾನರ್ ತೆಗೆಯಲು ಕೈ ಹೋಗುವುದು ಆ ಗೋಡೆಯ ಕಡೆಗೇ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ಕಬ್ಬಿಣದ ಚೌಕಟ್ಟು, ಅದಕ್ಕೆ ವೆಲ್ಡ್ ಜಾಲರಿ ಹಾಕಿಸಿದರೆ ಸಾಕು. ಜಾಲರಿಯಾದರೆ ಬೆಲ್ಟು ಕಣ್ಣಿಗೆ ಕಾಣುತ್ತದೆ, ಬಿಸಿಯೂ ಹೊರಹೋಗುತ್ತದೆ. ಕಣ್ಣಿನ ಅಳತೆಯ ಬಗ್ಗೆ ಮಾತ್ರ ಲೆಕ್ಕ ತಪ್ಪಬಾರದು. ಚೌಕ ಕಣ್ಣು ಅರ್ಧ ಅಂಗುಲವಿದ್ದರೆ ಬೆರಳು ತೂರುತ್ತದೆ. ಆದುದರಿಂದ ಜಾಲರಿ ತಿರುಗುವ ಭಾಗದಿಂದ ಐದು ಅಂಗುಲ ದೂರವಿರಬೇಕು. ಕಣ್ಣು ಎರಡು ಅಂಗುಲವಾದರೆ ತೋಳೇ ತೂರುತ್ತದೆ. ಆಗ ಮೂರು ಅಡಿ ದೂರ ಬೇಕಾಗುತ್ತದೆ. ಕೋಳಿಗೂಡಿನ ಜಾಲರಿಯನ್ನು ಬೆಲ್ಟಿಗೆ ತಾಗಿಸಿದಂತೆ ಕಟ್ಟಿ "ಗಾರ್ಡು ಇದೆ" ಎನ್ನುವುದರಲ್ಲಿ ಅರ್ಥವಿಲ್ಲ. ಈ ಅಳತೆಗಳು ದೊಡ್ಡವರ ಕೈಗೆ. ಮಕ್ಕಳ ಕೈ ಸಣ್ಣದು. ಅವರಿಗೆ ಪಲ್ಪಿಂಗ್ ಹೌಸಿನ ಬಾಗಿಲೇ ಬೇಲಿಯಾಗಬೇಕು.

ಕಾಪನ್ನು ಬೋಲ್ಟಿನಿಂದ ಬಿಗಿಯಬೇಕು, ಕೊಕ್ಕೆಯಿಂದಲ್ಲ. ಸ್ಪ್ಯಾನರ್ ಇಲ್ಲದೆ ತೆಗೆಯಲು ಬರುವ ಕಾಪು ಮೊದಲ ವಾರದಲ್ಲಿಯೇ ಮೂಲೆ ಸೇರುತ್ತದೆ.

ಕಾಪು ಮೂಲೆ ಸೇರುವುದಕ್ಕೆ ಕೆಲಸದವರ ಉದ್ಧಟತನ ಕಾರಣವೆಂದು ನಾವು ಬಯ್ಯುತ್ತೇವೆ. ನಿಜವಾದ ಕಾರಣ ಸಾಮಾನ್ಯವಾಗಿ ಬೇರೆ. ದಿನವೂ ಗ್ರೀಸ್ ಹಾಕಬೇಕಾದ ನಿಪ್ಪಲ್ ಕಾಪಿನ ಒಳಗೆ ಉಳಿದಿರುತ್ತದೆ. ದಿನಕ್ಕೊಮ್ಮೆ ನಾಲ್ಕು ಬೋಲ್ಟು ಬಿಚ್ಚಿ ಹಾಕುವ ತಾಳ್ಮೆ ಯಾರಿಗಿದೆ? ಸಣ್ಣ ಕೊಳವೆಯೊಂದರಿಂದ ಗ್ರೀಸ್ ನಿಪ್ಪಲನ್ನು ಕಾಪಿನ ಹೊರಕ್ಕೆ ತಂದರೆ ಬಿಚ್ಚುವ ಅಗತ್ಯವೇ ಇರುವುದಿಲ್ಲ. ಕೆಲಸಕ್ಕೆ ಅಡ್ಡಿಯಾಗುವ ತಡೆ ಬಹುಕಾಲ ಉಳಿಯುವುದಿಲ್ಲ. ಆದುದರಿಂದ ಕಾಪು ಮಾಡಿಸುವ ಮೊದಲು ಯಂತ್ರ ನಡೆಸುವವನನ್ನೇ ಕರೆದು, ದಿನಕ್ಕೆ ಎಲ್ಲೆಲ್ಲಿ ಕೈ ಹಾಕುತ್ತೀಯಪ್ಪ ಎಂದು ಕೇಳಿ ತಿಳಿಯುವುದು ಜಾಣತನ. ಚೌಕಟ್ಟಿನ ಹೊರಗೆ ಹಳದಿ, ಮುಚ್ಚಿಹೋಗುವ ಪುಲ್ಲಿಗೆ ಕೆಂಪು ಬಣ್ಣ ಬಳಿದರೆ ಇನ್ನೊಂದು ಅನುಕೂಲವಿದೆ. ಕಾಪು ತೆಗೆದಿಟ್ಟರೆ ಕೆಂಪು ಎದ್ದು ಕಾಣುತ್ತದೆ, ದೂರದಿಂದಲೇ ಗೊತ್ತಾಗುತ್ತದೆ.

ಅಡಿಕೆ ಸುಲಿಯುವ ಯಂತ್ರದಲ್ಲಿ ಬೆಲ್ಟಿನ ಜೊತೆಗೆ ಕಾಯಿ ಸುರಿಯುವ ಬಾಯಿಯೂ ಇದೆ. ಸಿಕ್ಕಿಕೊಂಡ ಕಾಯಿಯನ್ನು ಬೆರಳಿನಿಂದ ತಳ್ಳುವ ಅಭ್ಯಾಸವೇ ಅಲ್ಲಿ ಶತ್ರು. ಬಾಯಿಯನ್ನು ತಗಡಿನಿಂದ ಉದ್ದ ಮಾಡಿ, ನೀಡಿದ ಕೈ ಬ್ಲೇಡಿಗೆ ಮುಟ್ಟದಷ್ಟು ಆಳ ಕೊಡಬೇಕು. ಪಕ್ಕದಲ್ಲಿ ಒಂದು ಮರದ ತಳ್ಳುಕೋಲನ್ನು ಸರಪಳಿ ಹಾಕಿ ತೂಗುಬಿಡಬೇಕು.

ಕರೆಂಟು ಹೋದ ಹೊತ್ತು

ಇದು ನಮ್ಮ ಕಡೆಯ ವಿಶೇಷ ಅಪಾಯ. ಪಲ್ಪರ್ ಓಡುವಾಗ ಕರೆಂಟು ಹೋಗುತ್ತದೆ. ಹಣ್ಣು ಒಳಗೆ ಸಿಕ್ಕಿಕೊಂಡಿದೆ. ಹೇಗೂ ನಿಂತಿದೆಯಲ್ಲ, ಬಿಡಿಸೋಣ ಎಂದು ಒಬ್ಬ ಕವಚ ತೆಗೆದು ಕೈ ಹಾಕುತ್ತಾನೆ. ಆ ಕ್ಷಣದಲ್ಲಿ ಕರೆಂಟು ಬರುತ್ತದೆ.

ಇದಕ್ಕೆಂದೇ ಸ್ಟಾರ್ಟರಿನಲ್ಲಿ ನೋ-ವೋಲ್ಟ್ ಕಾಯಿಲ್ ಇದೆ. ಕರೆಂಟು ಹೋದೊಡನೆ ಅದು ಸ್ವಿಚ್ಚನ್ನು ಬಿಡಿಸುತ್ತದೆ. ಮತ್ತೆ ಕೈಯಿಂದ ಒತ್ತದೆ ಮೋಟಾರು ತಿರುಗದು. ಆದರೆ ನೀರಾವರಿ ಪಂಪಿಗೆ ರಾತ್ರಿ ಎದ್ದು ಹೋಗುವ ತೊಂದರೆ ತಪ್ಪಿಸಲು ನಮ್ಮಲ್ಲಿ ಬಹುಮಂದಿ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ಅದರ ಕೆಲಸವೇ ಕರೆಂಟು ಬಂದೊಡನೆ ಮೋಟಾರನ್ನು ತಾನಾಗಿ ಹೊರಡಿಸುವುದು. ಹೊಳೆಯ ಬದಿಯ ಪಂಪಿಗೆ ಅದು ವರ. ಪಲ್ಪರಿಗೆ, ಸುಲಿಯುವ ಯಂತ್ರಕ್ಕೆ ಅದನ್ನು ಜೋಡಿಸಿದರೆ ಮಾರಿಯನ್ನು ಮನೆಗೆ ಕರೆದಂತೆ. ಸಂಸ್ಕರಣೆಯ ಯಾವ ಯಂತ್ರಕ್ಕೂ ಆಟೋ ಸ್ಟಾರ್ಟರ್ ಕೂಡದು. ನೋ-ವೋಲ್ಟ್ ಕಾಯಿಲಿಗೆ ಕಡ್ಡಿ ಸಿಕ್ಕಿಸಿ ಕೂರಿಸುವ ಕಸುಬೂ ಕೂಡದು.

ಇದರ ಮೇಲೆ ಇನ್ನೊಂದು ತಡೆ ಇರಲಿ. ಒಳಗೆ ಕೈ ಹಾಕುವವನೇ ಮೈನ್ ಸ್ವಿಚ್ಚು ಇಳಿಸಿ ಫ್ಯೂಸ್ ಕಿತ್ತು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಕೆಲಸ ಮಾಡುವವನೇ ಇಟ್ಟುಕೊಳ್ಳುವ ಪದ್ಧತಿ ಇದೆ; ಜೇಬಿನ ಫ್ಯೂಸು ಅದರ ಬಡ ತಮ್ಮ. ಡೀಸೆಲ್ ಎಂಜಿನ್ನಾದರೆ ಬೆಲ್ಟು ಇಳಿಸಿಯೇ ಕೈ ಹಾಕುವುದು. ಒದ್ದೆ ನೆಲದಲ್ಲಿ ಕೆಲಸ ಮಾಡುವವರಿಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಸ್ವಿಚ್ಚು, ಸರಿಯಾದ ಅರ್ಥಿಂಗ್ ಇವೆರಡೂ ಕಣ್ಣಿಗೆ ಕಾಣದ ಬೇಲಿಗಳು.

ಗುಂಡಿ, ತೊಟ್ಟಿ, ಹಂಡೆ

ಪಲ್ಪಿಂಗ್ ನೀರು ನಿಲ್ಲುವ ಗುಂಡಿಯ ಮೇಲೆ ಕೆನೆ ಕಟ್ಟಿ ಒಣಗಿದರೆ ನೆಲದ ಹಾಗೆಯೇ ಕಾಣುತ್ತದೆ. ಕರುವಿಗೂ ಮಗುವಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಸುತ್ತಲೂ ಗಟ್ಟಿ ಬೇಲಿ, ಬೀಗ ಹಾಕುವ ಒಂದು ಗೇಟು ಅಲ್ಲಿ ಬೇಕೇ ಬೇಕು. ಸಣ್ಣ ತೊಟ್ಟಿಗಳಿಗೆ ಮುಚ್ಚಳವೇ ಒಳ್ಳೆಯದು. ಆದರೆ ಆ ಮುಚ್ಚಳ ಮೇಲೆ ನಿಂತವರ ಭಾರ ಹೊರಬೇಕು. ಗೆದ್ದಲು ತಿಂದ ಹಲಗೆ ತೆರೆದ ಗುಂಡಿಗಿಂತ ಕೆಟ್ಟದ್ದು. ತೆರೆದ ಗುಂಡಿ ಮೋಸ ಮಾಡುವುದಿಲ್ಲ.

ಮುಚ್ಚಿದ ತೊಟ್ಟಿ, ಗೋಬರ್ ಗ್ಯಾಸಿನ ಗುಂಡಿ, ಹಳೆಯ ಬಾವಿಗಳಲ್ಲಿ ಇನ್ನೊಂದು ಅಪಾಯವಿದೆ. ಕೊಳೆಯುವ ವಸ್ತುವಿನಿಂದ ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹುಟ್ಟುತ್ತವೆ. ಎರಡೂ ಗಾಳಿಗಿಂತ ಭಾರ, ತಳದಲ್ಲಿಯೇ ನಿಲ್ಲುತ್ತವೆ. ಎರಡನೆಯದು ಹೆಚ್ಚಿದಾಗ ಮೂಗಿನ ವಾಸನಾಶಕ್ತಿಯನ್ನೇ ಕೊಲ್ಲುತ್ತದೆ. ನಾತವಿಲ್ಲ, ಹೆದರಿಕೆಯಿಲ್ಲ ಎಂದು ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅವನ ಹಿಂದೆ ನೆರೆಯವನು. ಒಂದು ಸಾವು ಮೂರಾಗುವುದು ಹೀಗೆ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆ ಈ ವಿಷಾನಿಲವನ್ನು ತೋರಿಸುವುದಿಲ್ಲ. ಗೋಬರ್ ಗ್ಯಾಸಿನ ಗುಂಡಿಯಲ್ಲಂತೂ ಬೆಂಕಿಯೇ ಹತ್ತೀತು. ಇಲ್ಲಿ ಬೇಲಿಯೆಂದರೆ ಬೀಗ ಹಾಕಿದ ಮುಚ್ಚಳ. ಜೊತೆಗೆ, ಯಾರು ಬಿದ್ದರೂ ಹಿಂದೆ ಇಳಿಯಕೂಡದು, ಮೊದಲು ಸಹಾಯಕ್ಕೆ ಕೂಗಬೇಕು ಎಂಬ ಕಟ್ಟುನಿಟ್ಟು.

ಅಡಿಕೆ ಬೇಯಿಸುವ ಹಂಡೆಯ ಬಾಯಿ ಎಷ್ಟೋ ಕಡೆ ಮೊಣಕಾಲಿನ ಮಟ್ಟಕ್ಕೂ ಇರುವುದಿಲ್ಲ. ಸುತ್ತಲೂ ಚೊಗರು ಚೆಲ್ಲಿ ನೆಲ ಜಾರುತ್ತದೆ. ಬೇಯಿಸುವವನು ನಿಲ್ಲುವ ಬದಿಯೊಂದನ್ನು ಬಿಟ್ಟು ಉಳಿದ ಮೂರು ಬದಿಗೆ ಸೊಂಟದೆತ್ತರ ಕಂಬಿಯೋ ಗೋಡೆಯೋ ಇದ್ದರೆ ದಾರಿಹೋಕರಾಗಿ ಬಂದವರು ಹಂಡೆಗೆ ಬೀಳುವುದಿಲ್ಲ. ಅಟ್ಟ, ತಾರಸಿ ಕಣ, ಎತ್ತರದ ತೊಟ್ಟಿಯ ಅಂಚಿಗೆ ಕಟಾಂಜನ ಹಾಕುವಾಗ ಎತ್ತರ ಒಂದು ಮೀಟರಿಗೆ ಕಡಿಮೆಯಾಗದಿರಲಿ, ನಡುವೆ ಇನ್ನೊಂದು ಕಂಬಿ ಇರಲಿ, ಬುಡದಲ್ಲಿ ನಾಲ್ಕಂಗುಲದ ಪಟ್ಟಿ ಇರಲಿ. ಪಟ್ಟಿ ಇಲ್ಲದಿದ್ದರೆ ಮೇಲಿನ ಸಲಾಕೆ ಕೆಳಗಿನವರ ತಲೆಯ ಮೇಲೆ ಉರುಳುತ್ತದೆ. ಕಂಬಿ ಹಾಕಿಸಿದ ದಿನವೇ ಒಬ್ಬ ಗಟ್ಟಿ ಆಳು, ಹಿಂದಿನಿಂದ ಒಬ್ಬರು ಸೊಂಟ ಹಿಡಿದಿರುವಾಗ, ಜೋರಾಗಿ ಒತ್ತಿ ನೋಡಲಿ. ಅಲುಗಿದರೆ ಅದು ಕಟಾಂಜನವಲ್ಲ, ಅಲಂಕಾರ.

ತಡೆ ಇದ್ದೂ ಇಲ್ಲದಂತಾಗುವುದು

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಆ ಕಾರ್ಖಾನೆಯಲ್ಲಿ ತಡೆಗಳು ಇರಲಿಲ್ಲವೆಂದಲ್ಲ. ತೊಟ್ಟಿಯನ್ನು ತಂಪಾಗಿಡುವ ಯಂತ್ರ ಇತ್ತು, ಅದನ್ನು ನಿಲ್ಲಿಸಲಾಗಿತ್ತು. ಅನಿಲವನ್ನು ತೊಳೆಯುವ ಗೋಪುರ ಇತ್ತು, ಅದು ಸಿದ್ಧವಾಗಿ ಓಡುತ್ತಿರಲಿಲ್ಲ. ಸುಟ್ಟುಹಾಕುವ ಚಿಮಣಿ ಇತ್ತು, ಅದರ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿಡಲಾಗಿತ್ತು. ಒಂದು ಇಲ್ಲದಿದ್ದರೇನು, ಇನ್ನೊಂದಿದೆಯಲ್ಲ ಎಂದು ಒಂದೊಂದನ್ನೇ ಬಿಟ್ಟುಕೊಟ್ಟರೆ ಕೊನೆಗೆ ಎಲ್ಲವೂ ಒಂದೇ ರಾತ್ರಿ ಇಲ್ಲವಾಗುತ್ತವೆ. ಬೆಲ್ಟಿನ ಕಾಪು ವೆಲ್ಡಿಂಗಿಗೆ ಹೋಗಿದೆ, ಸ್ಟಾರ್ಟರಿಗೆ ಕಡ್ಡಿ ಸಿಕ್ಕಿಸಿದೆ, ಬಲ್ಬು ಸುಟ್ಟಿದೆ. ನಮ್ಮ ಸಣ್ಣ ಮನೆಯಲ್ಲಿಯೂ ಕಥೆ ಅದೇ.

ಖರ್ಚಿನ ಮಾತು ಬರುತ್ತದೆ. ಕೆಲಸದಲ್ಲಿ ಆದ ಗಾಯಕ್ಕೆ ಮಾಲೀಕನು ಪರಿಹಾರ ಕೊಡಬೇಕೆಂಬ ಕಾನೂನು ನಮ್ಮಲ್ಲಿ 1923ರಲ್ಲಿಯೇ ಬಂತು. ಕಾಪನ್ನು ಕೆಲಸದವನೇ ಬೇಕೆಂದು ತೆಗೆದಿದ್ದರೆ ಮಾಲೀಕನಿಗೆ ಅದರಲ್ಲಿ ಕೆಲವು ವಿನಾಯಿತಿ ಇತ್ತು. ಸಾವಿಗೂ ಶಾಶ್ವತವಾದ ಪೂರ್ಣ ಊನಕ್ಕೂ ಅದೂ ಇರಲಿಲ್ಲ. ಕಾಪನ್ನೇ ಕೊಡದ ಮಾಲೀಕನಿಗೆ ಹೇಳಲು ಮಾತೇ ಇರಲಿಲ್ಲ. ಆದರೆ ಲೆಕ್ಕ ಇಷ್ಟಕ್ಕೆ ಮುಗಿಯದು. ಕೊಯ್ಲಿನ ನಡುವೆ ಒಂದು ಕೈ ಹೋದರೆ ಆ ಮನೆಯ ಅನ್ನ ಹೋಯಿತು. ಸಣ್ಣ ಹಿಡುವಳಿಯಲ್ಲಿ ಯಂತ್ರದ ಬಳಿ ನಿಲ್ಲುವುದು ಬಹುಪಾಲು ಮನೆಯವರೇ. ಕೈ ನಮ್ಮ ತಮ್ಮನದೋ ಮಗನದೋ ಆಗಿರಬಹುದು.

ಕೊಯ್ಲಿಗೆ ಮೊದಲು ಒಂದು ಸುತ್ತು

ಯಂತ್ರ ಚಾಲೂ ಮಾಡುವ ಮೊದಲು ಯಂತ್ರ ನಡೆಸುವವನೊಡನೆ ಒಮ್ಮೆ ಸುತ್ತು ಹಾಕಿ ಈ ಏಳು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ತಿರುಗುವ ಪ್ರತಿ ಬೆಲ್ಟು, ಪುಲ್ಲಿ, ಶಾಫ್ಟಿಗೆ ಎಲ್ಲ ಬದಿಯಿಂದಲೂ ಕಾಪು ಇದೆಯೇ? ಸ್ಪ್ಯಾನರ್ ಇಲ್ಲದೆ ಅದನ್ನು ತೆಗೆಯಲಾಗದೆ?

2. ಗ್ರೀಸ್, ಎಣ್ಣೆಯನ್ನು ಕಾಪು ಬಿಚ್ಚದೆಯೇ ಹಾಕಬಹುದೇ?

3. ಮೈನ್ ಇಳಿಸಿ ಮತ್ತೆ ಏರಿಸಿದಾಗ ಮೋಟಾರು ತಾನಾಗಿ ಹೊರಡುತ್ತದೆಯೇ? ಹೊರಟರೆ ಅಂದೇ ಮಿಸ್ತ್ರಿಯನ್ನು ಕರೆಸಿ.

4. ಯಂತ್ರದ ಬಳಿ ನಿಂತೇ ಅದನ್ನು ನಿಲ್ಲಿಸಲು ಕೈಗೆಟುಕುವ ಸ್ವಿಚ್ಚು ಇದೆಯೇ?

5. ಪ್ರತಿ ಗುಂಡಿ, ತೊಟ್ಟಿಗೆ ಮುಚ್ಚಳವೋ ಬೇಲಿಯೋ ಇದೆಯೇ? ಕೀಲಿ ಯಾರಲ್ಲಿದೆ?

6. ಅಂಚುಗಳ ಕಂಬಿ ಒತ್ತಿದರೆ ಅಲುಗುತ್ತದೆಯೇ?

7. ರಾತ್ರಿ ಕೆಲಸಕ್ಕೆ ಇವೆಲ್ಲ ಕಾಣುವಷ್ಟು ಬೆಳಕಿದೆಯೇ?

ಕಾಪು ಬೇಕಾದ ಸದಸ್ಯರು ಪುಲ್ಲಿಗಳ ಅಡ್ಡಳತೆ, ಎರಡರ ನಡುವಿನ ದೂರ, ನೆಲದಿಂದ ಎತ್ತರ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಛೇರಿಗೆ ತಲುಪಿಸಿದರೆ, ಹತ್ತಾರು ಮಂದಿಯದನ್ನು ಸೇರಿಸಿ ಜಾಲರಿ, ಆಂಗಲ್ ಒಟ್ಟಿಗೆ ತರಿಸಬಹುದು. ಗೊಬ್ಬರವನ್ನು ಒಟ್ಟಿಗೆ ಕೊಳ್ಳುವ ನಾವು ಇದನ್ನೇಕೆ ಕೊಳ್ಳಬಾರದು?

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಹಿರಿಯರದು. ಈ ಸಾರಿ ಬಾಗಿಲು ಮೊದಲೇ ಹಾಕೋಣ. ಹಣ್ಣು ಕೆಂಪಾಗುವುದಕ್ಕೆ ಇನ್ನೂ ಕೆಲವು ವಾರಗಳಿವೆ; ಒಂದು ಕಾಪಿನ ಕೆಲಸ ವೆಲ್ಡಿಂಗ್ ಅಂಗಡಿಯಲ್ಲಿ ಒಂದೆರಡು ದಿನದ್ದು.